ಶೀರ್ಷಿಕೆಯಿಲ್ಲದ ಜಲವರ್ಣವೊಂದರ ಮುಂದೆ ನನ್ನ ಮನೆ ನೆನಪಾಯಿತು: ಇದು ಚಿತ್ರಕ್ಕೆ ಕೊಟ್ಟ ಸ್ಪಂದನವೇ?

ಪ್ರಶ್ನೆ: ಗಣಿತ ಶಿಕ್ಷಕಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಮ್ಮ ಕಲಬುರಗಿಯಲ್ಲಿ ನಡೆಯುತ್ತಿರುವ ಒಂದು ಚಿತ್ರ ಪ್ರದರ್ಶನಕ್ಕೆ ಗೆಳತಿಯೊಬ್ಬರ ಜೊತೆ ಹೋಗಿದ್ದೆ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಚಿತ್ರಕಲೆಯನ್ನು ಓದಿದವಳಲ್ಲ, ಆದರೆ ಪ್ರದರ್ಶನಗಳನ್ನು ತಪ್ಪಿಸುವವಳೂ ಅಲ್ಲ. ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳಿದ್ದವು. ಒಂದು ಅಮೂರ್ತ, ಅಂದರೆ ಯಾವ ವಸ್ತುವಿನ ಆಕಾರವನ್ನೂ ಬರೆಯದ, ಜಲವರ್ಣದ ಮುಂದೆ ಮಾತ್ರ ನನ್ನ ಕಾಲು ನಿಂತುಬಿಟ್ಟಿತು.

ಚಿತ್ರ ಹೀಗಿದೆ. ಅಗಲ ಸುಮಾರು 22 ಅಂಗುಲ, ಎತ್ತರ 15 ಅಂಗುಲದ ದಪ್ಪ ಕಾಗದ. ಕೆಳಗಿನ ಅರ್ಧದಲ್ಲಿ ಕಂದು ಬಣ್ಣ ಹರಡಿಕೊಂಡಿದೆ. ಹತ್ತಿರ ಹೋಗಿ ನೋಡಿದರೆ ಅದು ಒಂದೇ ಬಣ್ಣವಲ್ಲ, ಕಂದಿನ ನಡುವೆ ನೀಲಿಯ ಸಣ್ಣ ಸಣ್ಣ ಕಣಗಳು ಕೂತಿವೆ. ಆ ಕಂದು ಭಾಗ ಮುಗಿಯುವಲ್ಲಿ, ಅಂದರೆ ಕಾಗದದ ನಡುಮಧ್ಯದಲ್ಲಿ, ಎಡದಿಂದ ಬಲಕ್ಕೆ ಕೂದಲೆಳೆಯಷ್ಟು ತೆಳ್ಳಗಿನ ಕಡುಗಂದು ಗೆರೆಯೊಂದಿದೆ. ಅದನ್ನು ಕುಂಚದಿಂದ ಎಳೆದಂತೆ ಕಾಣುವುದಿಲ್ಲ, ತಾನಾಗಿಯೇ ಮೂಡಿದ ಹಾಗಿದೆ. ಗೆರೆಯ ಮೇಲೆ ಬಹುತೇಕ ಖಾಲಿ ಕಾಗದ. ಬಲಗಡೆಯ ಮೂಲೆಯಲ್ಲಿ ಮಾತ್ರ ಹೂಕೋಸಿನ ಅಂಚಿನಂತೆ ಮುರಿಮುರಿಯಾದ ಒಂದು ಮಸುಕಾದ ಕಲೆ. ಕೆಳಗೆ ಹಚ್ಚಿದ ಚೀಟಿಯಲ್ಲಿ ‘ಶೀರ್ಷಿಕೆ ಇಲ್ಲ’ ಎಂದು ಬರೆದಿತ್ತು.

ಆ ಗೆರೆಯನ್ನು ನೋಡುತ್ತಿದ್ದಂತೆ ನನ್ನ ಗಂಟಲು ಕಟ್ಟಿತು. ನನ್ನ ತವರು ಅಫಜಲಪುರ ತಾಲ್ಲೂಕಿನಲ್ಲಿ, ಭೀಮೆಯ ದಂಡೆಯ ಒಂದು ಹಳ್ಳಿ. 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರೂ ಇಲ್ಲಿಯ ಮಳೆಯೂ ಸೇರಿ ಭೀಮೆ ಉಕ್ಕಿ ಬಂದಾಗ ನಮ್ಮ ಮನೆಯೊಳಗೆ ಎದೆಮಟ್ಟ ನೀರು ನಿಂತಿತ್ತು. ನೀರು ಇಳಿದ ಮೇಲೆ ಪಡಸಾಲೆಯ ಗೋಡೆಯ ಮೇಲೆ ಇಂಥದೇ ಒಂದು ಗೆರೆ ಉಳಿದಿತ್ತು. ಅದರ ಕೆಳಗೆ ಮಣ್ಣಿನ ಬಣ್ಣ, ಮೇಲೆ ಸುಣ್ಣದ ಬಿಳುಪು. ಅವ್ವ ಮೂರು ಸಲ ಸುಣ್ಣ ಬಳಿಸಿದಳು. ಪ್ರತಿ ಸಲವೂ ಸುಣ್ಣ ಒಣಗುತ್ತಿದ್ದಂತೆ ಗೆರೆ ಮೇಲೆದ್ದು ಬರುತ್ತಿತ್ತು. ಗೋಡೆಗೆ ಒರಗಿಸಿಟ್ಟಿದ್ದ ತೊಗರಿಯ ಚೀಲಗಳು, ಮೊಳೆಗೆ ತೂಗುಹಾಕಿದ್ದ ನಮ್ಮಪ್ಪನ ಕರಿಬಿಳಿ ಫೋಟೋ, ಎಲ್ಲವೂ ನನಗೆ ಒಮ್ಮೆಲೇ ಕಣ್ಣಿಗೆ ಕಟ್ಟಿದವು. ಫೋಟೋದ ಚೌಕಟ್ಟಿನೊಳಗೂ ನೀರು ಹೊಕ್ಕು, ಅವರ ಅಂಗಿಯ ಎರಡನೆಯ ಗುಂಡಿಯ ಹತ್ತಿರ ನಿಂತಿತ್ತು.

ಚಿತ್ರಕಾರರು ಅಲ್ಲೇ ಇದ್ದರು. ಧೈರ್ಯ ಮಾಡಿ ಹೇಳಿದೆ. ಅವರು ಸೌಜನ್ಯದಿಂದಲೇ ಕೇಳಿಸಿಕೊಂಡು, ಆ ಪ್ರವಾಹವನ್ನು ತಾವು ಕಂಡಿಲ್ಲವೆಂದೂ ಇದನ್ನು ಒಂದು ಬೇಸಿಗೆಯಲ್ಲಿ ಮನೆಯ ಮಾಳಿಗೆಯ ಮೇಲೆ ಕೂತು ಮಾಡಿದ್ದೆಂದೂ ಹೇಳಿದರು. ಹೊರಗೆ ಬಂದ ಮೇಲೆ ಗೆಳತಿ, ‘ಅಮೂರ್ತ ಚಿತ್ರದಲ್ಲಿ ವಸ್ತು ಹುಡುಕಬಾರದು, ನೀನು ನೋಡಿದ್ದು ಚಿತ್ರವನ್ನಲ್ಲ, ನಿನ್ನ ಮನೆಯನ್ನು’ ಎಂದರು. ಅಂದಿನಿಂದ ಆ ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ.

ಬರುವ ಭಾನುವಾರ ಪ್ರದರ್ಶನದ ಕೊನೆಯ ದಿನ. ನೋಡುಗರು ತಮಗೆ ಹಿಡಿಸಿದ ಒಂದು ಚಿತ್ರದ ಬಗ್ಗೆ ಐದು ನಿಮಿಷ ಮಾತನಾಡಬಹುದು ಎಂದಿದ್ದಾರೆ, ನಾನೂ ಹೆಸರು ಕೊಟ್ಟಿದ್ದೇನೆ. ನನ್ನ ಪ್ರಶ್ನೆ ಇಷ್ಟು: ಪ್ರವಾಹದ ವಿಷಯವನ್ನು ಹೇಳುವುದು ಸರಿಯೇ? ಅದನ್ನು ಬಿಟ್ಟರೆ ನನ್ನ ಬಳಿ ಹೇಳಲು ಏನೂ ಇಲ್ಲ. ಅದನ್ನೇ ಹೇಳಿದರೆ ಚಿತ್ರಕ್ಕೆ ಅನ್ಯಾಯವಾಗುತ್ತದೆಯೋ ಎಂಬ ಅಳುಕು.


ಉತ್ತರ: ಚಿತ್ರಕಲಾ ಶಿಕ್ಷಕ, ಬೀದರ್

ಮೇಡಂ, ನಿಮ್ಮ ಗೆಳತಿಯ ಮಾತು ಅರ್ಧ ಸರಿ. ಆದರೆ ನೀವು ಚಿತ್ರವನ್ನು ವಿವರಿಸಿದ ರೀತಿಯನ್ನು ನೋಡಿದರೆ ನೀವು ಚಿತ್ರವನ್ನು ನೋಡಿಲ್ಲವೆಂದು ಯಾರೂ ಹೇಳಲಾರರು. ಗೆರೆ ಕುಂಚದ್ದಲ್ಲ ಎಂದು ಗುರುತಿಸಿದ್ದೀರಿ. ಕಂದಿನೊಳಗೆ ನೀಲಿ ಕಣಗಳು ಬೇರೆಯಾಗಿ ಕೂತಿರುವುದನ್ನು ಕಂಡಿದ್ದೀರಿ. ಮೂವತ್ತು ವರ್ಷ ಮಕ್ಕಳಿಗೆ ಜಲವರ್ಣ ಹೇಳಿಕೊಟ್ಟ ನನಗೆ ಇದು ಸಾಮಾನ್ಯ ಕಣ್ಣಲ್ಲ ಎಂದು ಅನಿಸುತ್ತದೆ.

ಆ ಗೆರೆ ಹೇಗೆ ಮೂಡುತ್ತದೆ ಎಂಬುದನ್ನು ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಗಂಟು ಅಲ್ಲಿಯೇ ಇದೆ ಎಂಬುದು ನನ್ನ ನಂಬಿಕೆ. ಒದ್ದೆಯಾದ ಬಣ್ಣ ಕಾಗದದ ಮೇಲೆ ನಿಂತಾಗ ಅದರ ಅಂಚು ಎಲ್ಲಕ್ಕಿಂತ ತೆಳುವಾಗಿರುತ್ತದೆ, ಆದ್ದರಿಂದ ಅಲ್ಲಿಯ ನೀರು ಬೇಗ ಆವಿಯಾಗುತ್ತದೆ. ಆ ಕೊರತೆಯನ್ನು ತುಂಬಲು ನಡುವಿನ ನೀರು ಅಂಚಿನ ಕಡೆ ಹರಿಯುತ್ತದೆ, ಹರಿಯುವಾಗ ಬಣ್ಣದ ಕಣಗಳನ್ನೂ ಹೊತ್ತೊಯ್ಯುತ್ತದೆ. ನೀರು ಹೋಗುತ್ತದೆ, ಕಣಗಳು ಅಂಚಿನಲ್ಲಿ ಸಾಲುಗಟ್ಟಿ ಉಳಿಯುತ್ತವೆ. ಮೇಜಿನ ಮೇಲೆ ಚೆಲ್ಲಿದ ಕಾಫಿ ಒಣಗಿದಾಗ ಸುತ್ತ ಕಡುವಾದ ಉಂಗುರ ಉಳಿಯುವುದೂ ಇದೇ ಕಾರಣಕ್ಕೆ. 1997ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಲೆಕ್ಕ ಸಮೇತ ವಿವರಿಸಿದರು. ಜಲವರ್ಣದವರಿಗೆ ಕೈ ಅನುಭವದಿಂದ ಅದು ಬಹಳ ಹಿಂದಿನಿಂದ ಗೊತ್ತಿತ್ತು. ನಾವು ಅದನ್ನು ಗಟ್ಟಿ ಅಂಚು ಎನ್ನುತ್ತೇವೆ.

ನಿಮ್ಮ ಪಡಸಾಲೆಯ ಗೋಡೆಯ ಮೇಲಾದದ್ದೂ ಇದಕ್ಕೆ ತೀರ ದೂರದ್ದಲ್ಲ. ಮಣ್ಣು ಹೊತ್ತ ನೀರು ನಿಂತಿತು, ಹೋಯಿತು, ಹೋಗುವಾಗ ತಾನು ಎಲ್ಲಿಯವರೆಗೆ ಬಂದಿದ್ದೆನೆಂಬ ಗುರುತನ್ನು ಬಿಟ್ಟುಹೋಯಿತು. ಹಾಗಾಗಿ ನಿಮ್ಮ ನೆನಪು ಚಿತ್ರಕ್ಕೆ ಹೊರಗಿನಿಂದ ತಂದು ಹೊದಿಸಿದ್ದಲ್ಲ. ಚಿತ್ರಕಾರರು ಭೀಮೆಯನ್ನು ನೆನೆದಿರಲಿಕ್ಕಿಲ್ಲ, ಆದರೆ ನಿಂತು ಹೋದ ನೀರಿನ ಗುರುತೊಂದನ್ನು ಅವರು ಕಾಗದದ ಮೇಲೆ ಉಳಿಯಗೊಟ್ಟಿದ್ದಾರೆ. ಬೇಡವೆನಿಸಿದ್ದರೆ ಅದು ಒಣಗುವ ಮೊದಲೇ ಒದ್ದೆ ಕುಂಚ ಆಡಿಸಿ ಅಂಚನ್ನು ಕರಗಿಸಬಹುದಿತ್ತು.

ನೀಲಿ ಕಣಗಳ ವಿಷಯ. ಅಲ್ಟ್ರಾಮರೀನ್ ನೀಲಿಯನ್ನೂ ಬರ್ನ್ಟ್ ಸಿಯೆನ್ನಾ ಎಂಬ ಮಣ್ಣುಬಣ್ಣವನ್ನೂ ಕೂಡಿಸಿದರೆ ಬೂದು, ಕಂದು, ಕಪ್ಪಿನ ನಡುವಿನ ಛಾಯೆಗಳು ಬರುತ್ತವೆ. ಎರಡೂ ಸ್ವಲ್ಪ ಒರಟು ಕಣದ ಬಣ್ಣಗಳಾದ್ದರಿಂದ ನೀರು ಧಾರಾಳವಾಗಿದ್ದರೆ ಮತ್ತೆ ಬೇರೆ ಬೇರೆಯಾಗಿ, ಕಾಗದದ ಸಣ್ಣ ತಗ್ಗುಗಳಲ್ಲಿ ಇಳಿದು ಕೂರುತ್ತವೆ. ನೀವು ಕಂಡದ್ದು ಇದೇ ಇರಬೇಕು. ಮೂಲೆಯ ಹೂಕೋಸಿನಂಥ ಕಲೆಯೂ ಹೀಗೆಯೇ: ಅರೆ ಒಣಗಿದ ಬಣ್ಣದ ಮೇಲೆ ಹೆಚ್ಚು ನೀರಿನ ಹನಿ ಬಿದ್ದರೆ ಅದು ಬಣ್ಣವನ್ನು ಹೊರಕ್ಕೆ ತಳ್ಳಿ ಅಂಥ ಅಂಚನ್ನು ಮಾಡುತ್ತದೆ.

ಇನ್ನು ಖಾಲಿ ಕಾಗದ. ನಮ್ಮ ಬೀದರ್‌ನ ಬಿದರಿ ಕೆಲಸದಲ್ಲಿ ಸತು ತಾಮ್ರ ಬೆರೆತ ಲೋಹದಲ್ಲಿ ಬೆಳ್ಳಿಯನ್ನು ಕೂರಿಸಿ, ಆಮೇಲೆ ಕೋಟೆಯ ಮಣ್ಣು ನವಸಾಗರ ಬೆರೆಸಿದ ದ್ರಾವಣದಿಂದ ಉಳಿದುದನ್ನೆಲ್ಲ ಕಪ್ಪಾಗಿಸುತ್ತಾರೆ, ಬೆಳ್ಳಿಗೆ ಮಾತ್ರ ಏನೂ ಆಗುವುದಿಲ್ಲ. ಅಲ್ಲಿ ಬಿಳುಪನ್ನು ಕೈಯಾರೆ ಕೂರಿಸಬೇಕು. ಪಾರದರ್ಶಕ ಜಲವರ್ಣದಲ್ಲಿ ಬಿಳಿ ಬಣ್ಣವನ್ನು ಹಚ್ಚುವುದೇ ಇಲ್ಲ, ಕಾಗದವನ್ನು ಮುಟ್ಟದೆ ಬಿಡುವುದೇ ಬಿಳುಪು. ನಿಮಗೆ ಸುಣ್ಣದ ಗೋಡೆಯಂತೆ ಕಂಡ ಮೇಲಿನ ಅರ್ಧ ಹಾಗೆ ಬಿಟ್ಟದ್ದು, ಅದನ್ನು ಬಿಡುವುದು ಬಣ್ಣ ಹಚ್ಚುವುದಕ್ಕಿಂತ ಕಷ್ಟ.

ನನ್ನ ಸಲಹೆ: ಪ್ರವಾಹದ ಮಾತನ್ನು ಹೇಳಿ, ಆದರೆ ಅದರಿಂದ ಆರಂಭಿಸಬೇಡಿ. ಮೊದಲ ಎರಡು ನಿಮಿಷ ಇಲ್ಲಿ ಬರೆದ ಹಾಗೆ ಕಾಗದವನ್ನೇ ಹೇಳಿ. ಭಾನುವಾರದ ಒಳಗೆ ಇನ್ನೊಮ್ಮೆ ಹೋಗಿ ಗೆರೆಯನ್ನು ಎಡದಿಂದ ಬಲದವರೆಗೆ ನಿಧಾನವಾಗಿ ನೋಡಿ ಬನ್ನಿ. ನೆನಪಿಗೂ ಚಿತ್ರಕ್ಕೂ ಎಲ್ಲಿ ಹೊಂದುತ್ತದೆ ಎಂಬುದು ನಿಮಗೆ ಈಗಾಗಲೇ ಗೊತ್ತಿದೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನು ಹುಡುಕಿ.


ಉತ್ತರ: ನಿವೃತ್ತ ಕನ್ನಡ ಉಪನ್ಯಾಸಕ, ಯಾದಗಿರಿ

ಸಹೋದರಿ, ನಿಮ್ಮ ಬರಹವನ್ನು ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ನಮ್ಮ ಜಿಲ್ಲೆಯಲ್ಲೂ ಆ ಅಕ್ಟೋಬರ್‌ನಲ್ಲಿ ಭೀಮಾ ತೀರದ ಊರುಗಳು ಪಟ್ಟ ಪಾಡನ್ನು ನಾನು ಕಂಡಿದ್ದೇನೆ. ಆದರೂ ಬೀದರ್‌ನ ಗುರುಗಳು ಹೇಳಿದ್ದಕ್ಕೆ ಒಂದು ಎಚ್ಚರಿಕೆಯನ್ನು ಕೂಡಿಸಬೇಕೆನಿಸುತ್ತದೆ.

ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿದ್ದ ಕಾವ್ಯಮೀಮಾಂಸಕ ಅಭಿನವಗುಪ್ತ ರಸಾನುಭವಕ್ಕೆ, ಅಂದರೆ ಕಲೆಯನ್ನು ಸವಿಯುವುದಕ್ಕೆ, ಏಳು ವಿಘ್ನಗಳಿವೆಯೆಂದು ಹೇಳಿದ್ದಾನೆ. ಅವುಗಳಲ್ಲಿ ಒಂದು, ನೋಡುಗನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿಬಿಡುವುದು. ನಾಟಕ ನೋಡುತ್ತ ಕೂತವನು ತನ್ನ ಮನೆಯ ಸಾವನ್ನೇ ನೆನೆದು ಅಳತೊಡಗಿದರೆ ಅದು ಶೋಕ, ಕರುಣರಸವಲ್ಲ. ಶೋಕ ನಮ್ಮನ್ನು ಕುಗ್ಗಿಸುತ್ತದೆ, ಕರುಣದಲ್ಲಿ ಕಣ್ಣೀರು ಬಂದರೂ ಮನಸ್ಸು ಹಿಗ್ಗುತ್ತದೆ. ಇದು ನನ್ನದು, ಇದು ಅವನದು, ಇದು ಆ ಊರಿನದು ಎಂಬ ಗಡಿಗಳು ಕಳಚಿ ಭಾವವೊಂದೇ ಉಳಿಯುವುದನ್ನು ಅಭಿನವಗುಪ್ತನಿಗಿಂತ ಹಿಂದಿನವನಾದ ಭಟ್ಟನಾಯಕ ಸಾಧಾರಣೀಕರಣ ಎಂದು ಕರೆದ.

ಇದನ್ನು ಹೇಳಿ ನಿಮ್ಮ ಬಾಯಿ ಮುಚ್ಚಿಸುವುದು ನನ್ನ ಉದ್ದೇಶವಲ್ಲ. ಏಕೆಂದರೆ ಅದೇ ಅಭಿನವಗುಪ್ತ ವಾಸನೆ ಎಂಬ ಇನ್ನೊಂದು ಮಾತನ್ನೂ ಹೇಳುತ್ತಾನೆ. ಬದುಕಿನಲ್ಲಿ ನಾವು ಅನುಭವಿಸಿದ್ದೆಲ್ಲ ಒಳಗೆ ಸಂಸ್ಕಾರವಾಗಿ ಉಳಿದಿರುತ್ತದೆ, ಕಲೆ ಮುಟ್ಟುವುದು ಅದನ್ನೇ. ಏನೂ ಉಳಿದಿರದವನಿಗೆ ಏನೂ ತಟ್ಟುವುದಿಲ್ಲ. ಸಹೃದಯನೆಂದರೆ ಹೃದಯವನ್ನು ಮನೆಯಲ್ಲಿ ಬಿಟ್ಟು ಬಂದವನಲ್ಲ. ಹೀಗಾಗಿ ಒಂದೇ ನೆನಪು ಬಾಗಿಲೂ ಆಗಬಹುದು, ಅಡ್ಡಗೋಡೆಯೂ ಆಗಬಹುದು. ನಿಮ್ಮ ವಿಷಯದಲ್ಲಿ ಯಾವುದಾಗಿದೆ ಎಂಬುದನ್ನು ತಿಳಿಯುವ ಒಂದು ದಾರಿ ನನಗೆ ಕಾಣುತ್ತದೆ. ಮನೆ ನೆನಪಾದ ಮೇಲೆ ನಿಮಗೆ ಚಿತ್ರದಲ್ಲಿ ಮೊದಲು ಕಾಣದಿದ್ದ ಏನಾದರೂ ಕಂಡಿತೇ? ಅಥವಾ ಚಿತ್ರ ಅಲ್ಲಿಗೇ ಮಾಯವಾಗಿ ಮನೆಯೊಂದೇ ಉಳಿಯಿತೇ? ಗೆರೆಯನ್ನು ಅಷ್ಟು ನಿಖರವಾಗಿ ಹೇಳಿದ ನೀವು ಮೂಲೆಯ ಕಲೆಯನ್ನು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ಪ್ರವಾಹದ ಕಥೆಯಲ್ಲಿ ಅದಕ್ಕೆ ಜಾಗವಿರಲಿಲ್ಲವೇನೋ ಎಂದು ನನ್ನ ಅನುಮಾನ. ಚಿತ್ರಕಾರ ಅದನ್ನು ಅಲ್ಲಿ ಉಳಿಸಿಕೊಂಡಿದ್ದಾನೆ, ಅದೂ ಚಿತ್ರವೇ.

ಇನ್ನೊಂದು ಮಾತು. ಬಣ್ಣದ ಕಣ, ಕಾಗದದ ತಗ್ಗು ಇವುಗಳ ವಿವರಣೆ ಬಹಳ ಬೆಲೆಯುಳ್ಳದ್ದು, ಆದರೆ ಅದರ ಹಿಂದೆ ಅಡಗಿಕೊಳ್ಳಬೇಡಿ. ಗಂಟಲು ಕಟ್ಟಿದ್ದನ್ನು ಮರೆಮಾಚಿ ತಾಂತ್ರಿಕ ಮಾತನ್ನಷ್ಟೇ ಆಡಿದರೆ ಕೇಳುವವರಿಗೆ ಪಾಠ ಕೇಳಿದಂತಾಗುತ್ತದೆ.


ಉತ್ತರ: ಜಲವರ್ಣ ಮಾಡುವವಳು, ಕಲಬುರಗಿ

ಅಕ್ಕಾವ್ರೆ, ನಾನು ದೃಶ್ಯಕಲೆ ಓದುತ್ತಿರುವ ವಿದ್ಯಾರ್ಥಿನಿ, ಹೆಚ್ಚಾಗಿ ಜಲವರ್ಣದಲ್ಲೇ ಕೆಲಸ ಮಾಡುತ್ತೇನೆ. ನೀವು ಹೇಳುವ ಚಿತ್ರವನ್ನು ನಾನು ನೋಡಿಲ್ಲ, ಆದರೆ ಚಿತ್ರಕಾರರು ಹೇಳಿದ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು: ಬೇಸಿಗೆಯಲ್ಲಿ, ಮಾಳಿಗೆಯ ಮೇಲೆ.

ನಮ್ಮ ಊರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಆ ಬಿಸಿಲಲ್ಲಿ ಜಲವರ್ಣ ಮಾಡಿದವರಿಗೆ ಗೊತ್ತು, ಕುಂಚವನ್ನು ನೀರಿಗೆ ಅದ್ದಿ ತರುವಷ್ಟರಲ್ಲಿ ಹಿಂದಿನ ಲೇಪದ ಅಂಚು ಒಣಗಿ ಗಟ್ಟಿಯಾಗಿರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕೂತು ಮಾಡುವವರಿಗೆ ಬಣ್ಣ ತಾಸುಗಟ್ಟಲೆ ಒಣಗದೆ ಒಂದರೊಳಗೊಂದು ಕರಗುತ್ತಿರುತ್ತದೆ, ನಮಗೆ ಆ ಸೌಕರ್ಯವಿಲ್ಲ. ನಾವು ಕಾಗದದ ಎರಡೂ ಬದಿ ತೋಯಿಸುತ್ತೇವೆ, ನಸುಕಿನಲ್ಲಿ ಅಥವಾ ರಾತ್ರಿ ಕೆಲಸ ಮಾಡುತ್ತೇವೆ, ಮಗ್ಗುಲಲ್ಲಿ ನೀರಿನ ಸ್ಪ್ರೇ ಬಾಟಲಿ ಇಟ್ಟುಕೊಳ್ಳುತ್ತೇವೆ. ಆದ್ದರಿಂದ ನಿಮ್ಮನ್ನು ತಡೆದು ನಿಲ್ಲಿಸಿದ ಆ ಗೆರೆಯಲ್ಲಿ ಕಲಬುರಗಿಯ ಬಿಸಿಲು ಇದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಅವರು ಪ್ರವಾಹವನ್ನು ಬರೆಯಲಿಲ್ಲ, ಸರಿ. ಆದರೆ ನೀರು ಬೇಗ ಬಿಟ್ಟುಹೋಗುವ ಊರಿನಲ್ಲಿ ಕೂತು ಬರೆದರು. ನಿಮ್ಮ ಗೆರೆ ನೀರು ಹೆಚ್ಚಾಗಿ ಬಂದದ್ದು, ಅವರ ಗೆರೆ ನೀರು ನಿಲ್ಲದೆ ಬಂದದ್ದು. ಇವೆರಡೂ ಈ ಭಾಗದವರಿಗೆ ಗೊತ್ತಿರುವ ಸಂಗತಿಗಳೇ.

ಅಮೂರ್ತದಲ್ಲಿ ವಸ್ತುವನ್ನು ಹುಡುಕಬಾರದು ಎಂಬ ನಿಯಮವನ್ನು ನಾನು ಒಪ್ಪುವುದಿಲ್ಲ. ರಷ್ಯಾದ ಚಿತ್ರಕಾರ ಕಾಂಡಿನ್‌ಸ್ಕಿಯ ಮೊದಲ ಅಮೂರ್ತ ಜಲವರ್ಣವೆಂದು ಹೆಸರಾದ ಚಿತ್ರ ಪ್ಯಾರಿಸ್‌ನಲ್ಲಿದೆ. ಅದರ ಮೇಲೆ 1910 ಎಂದು ಬರೆದಿದೆ, ಅದು 1913ರ ಸುಮಾರಿನದು ಎಂದು ವಾದಿಸುವ ವಿದ್ವಾಂಸರೂ ಅನೇಕರಿದ್ದಾರೆ. ಅಮೂರ್ತ ಎಂಬುದು ಒಂದು ದಿನ ಬಾಗಿಲು ಹಾಕಿಕೊಂಡು ಹುಟ್ಟಿದ್ದಲ್ಲ, ಅವರ ಚಿತ್ರಗಳಲ್ಲಿದ್ದ ಬೆಟ್ಟ, ಕುದುರೆ, ದೋಣಿಗಳು ನಿಧಾನವಾಗಿ ಗೆರೆಯಾಗಿ ಕಲೆಯಾಗಿ ಬಂದದ್ದು. ಅಮೆರಿಕದ ಚಿತ್ರಕಾರ್ತಿ ಜಾರ್ಜಿಯಾ ಓಕೀಫ್ 1917ರಲ್ಲಿ ಟೆಕ್ಸಾಸ್‌ನ ಒಂದು ಬಯಲುಸೀಮೆಯ ಊರಿನಲ್ಲಿ ಕಲಾಶಿಕ್ಷಕಿಯಾಗಿದ್ದಾಗ ಮಾಡಿದ ಜಲವರ್ಣಗಳಲ್ಲಿ ಬೆಳಗು ಬರೀ ನೀಲಿಯ ಕೆಲವು ಕಮಾನುಗಳಾಗಿದೆ. ಅವುಗಳನ್ನು ಪುಸ್ತಕದಲ್ಲಿ ಮೊದಲು ಕಂಡಾಗ ನನಗೆ ಸೇಡಂ ರಸ್ತೆಯ ಎರೆಹೊಲಗಳ ಮೇಲೆ ಬೆಳಕು ಏಳುವುದೇ ನೆನಪಾಯಿತು. ಅದರಿಂದ ಓಕೀಫ್‌ಗೆ ನಷ್ಟವೇನೂ ಆಗಲಿಲ್ಲ.

ನಮ್ಮ ಊರಿನ ನೋಡುಗರ ಬಗ್ಗೆಯೂ ಒಂದು ಮಾತು. 1916ರಲ್ಲಿ ಇಲ್ಲಿಯೇ ಹುಟ್ಟಿದ ಎಸ್. ಎಂ. ಪಂಡಿತರ ಪುರಾಣದ ಚಿತ್ರಗಳು ಕ್ಯಾಲೆಂಡರುಗಳಾಗಿ ಮನೆಮನೆಯ ಗೋಡೆಗೆ ಬಂದವು. ಅಪಾರದರ್ಶಕ ಗೌಶ್ ಬಣ್ಣದಲ್ಲಿ ಅವರ ಕೈಗಿದ್ದ ಹಿಡಿತ ಇಂದಿಗೂ ನಮಗೆ ಪಾಠ. ಆ ಚಿತ್ರಗಳ ಮುಂದೆ ‘ಇದು ಯಾರು’ ಎಂದು ಕೇಳಿದರೆ ಉತ್ತರವಿದೆ. ಅದನ್ನೇ ನೋಡಿ ಬೆಳೆದ ಕಣ್ಣು ಅಮೂರ್ತದ ಮುಂದೆಯೂ ‘ಇದು ಏನು’ ಎಂದೇ ಕೇಳುತ್ತದೆ. ಅದು ತಪ್ಪಲ್ಲ, ಸಹಜ. ನೀವು ಮಾತ್ರ ‘ಇದು ಏನು’ ಎಂದು ಕೇಳಲಿಲ್ಲ, ‘ಇದು ನನಗೆ ಏನು ಮಾಡಿತು’ ಎಂದು ಕೇಳಿದ್ದೀರಿ. ಚಿತ್ರ ಮಾಡುವವರಿಗೆ ‘ಚೆನ್ನಾಗಿದೆ’ ಎಂಬ ಮಾತು ದಿನಕ್ಕೆ ಹತ್ತು ಸಲ ಸಿಗುತ್ತದೆ. ನನ್ನ ಕಣ್ಣು ಇಂಥಲ್ಲಿ ನಿಂತಿತು ಎಂದು ಹೇಳುವವರು ವರ್ಷಕ್ಕೊಬ್ಬರು ಸಿಕ್ಕರೆ ಹೆಚ್ಚು. ದಯವಿಟ್ಟು ಭಾನುವಾರ ಮಾತನಾಡಿ.


ಉತ್ತರ: ಲೆಕ್ಕಪತ್ರ ನೋಡುವವ, ಶಹಾಬಾದ್

ನಾನು ಇಂಥ ಚಿತ್ರಗಳ ಮುಂದೆ ಹಲವು ಸಲ ನಿಂತಿದ್ದೇನೆ, ನನಗೆ ಏನೂ ಅನಿಸುವುದಿಲ್ಲ. ಅದನ್ನು ಹೇಳಲು ನಾಚಿಕೆಯಾಗಿ ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದೆ. ಈ ಚರ್ಚೆಯನ್ನು ಓದಿದ ಮೇಲೆ ನಮ್ಮ ಮನೆಯ ಹಾಸುಗಲ್ಲನ್ನು ನೋಡಿದೆ. ಇಲ್ಲಿಯದೇ ಶಹಾಬಾದ್ ಕಲ್ಲು. ನೀರಿನ ಕೊಡ ಇಡುವ ಜಾಗದಲ್ಲಿ ವರ್ಷಗಳಿಂದ ಕೂತಿರುವ ಬಿಳಿಯ ಉಪ್ಪಿನ ಉಂಗುರಗಳು ಒಂದರ ಮೇಲೊಂದು ಬಿದ್ದಿವೆ. ದಿನವೂ ದಾಟುತ್ತಿದ್ದ ಅದನ್ನು ಇವತ್ತು ಕುಕ್ಕುರುಗಾಲಲ್ಲಿ ಕೂತು ನೋಡಿದೆ. ಇಷ್ಟನ್ನು ತಿಳಿಸಬೇಕೆನಿಸಿತು.


ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮತ್ತೆ ಹೋದೆ. ಈ ಸಲ ಅವ್ವನನ್ನೂ ಕರೆದುಕೊಂಡು ಹೋದೆ, ಪ್ರವಾಹದ ಮರುವರ್ಷದಿಂದ ಅವಳು ನನ್ನ ಜೊತೆಗೇ ಇದ್ದಾಳೆ. ಚಿತ್ರದ ಬಗ್ಗೆ ಅವಳಿಗೆ ಮೊದಲೇ ಏನೂ ಹೇಳಿರಲಿಲ್ಲ.

ಗುರುಗಳು ಹೇಳಿದಂತೆ ಗೆರೆಯನ್ನು ಎಡದಿಂದ ಬಲಕ್ಕೆ ನೋಡುತ್ತ ಹೋದೆ. ಮೊದಲ ದಿನ ನಾನು ಕಾಣದೇ ಹೋದದ್ದು ಆಗ ಕಂಡಿತು. ಅದು ಸಮಮಟ್ಟವಾಗಿಲ್ಲ. ಬಲಕ್ಕೆ ಹೋಗುತ್ತ ಒಂದು ಬೆರಳಿನಷ್ಟು ಮೇಲೇರುತ್ತದೆ. ನಮ್ಮ ಮನೆಯ ಗೆರೆ ಹಾಗಿರಲಿಲ್ಲ. ಪಡಸಾಲೆ, ಅಡುಗೆಮನೆ, ದನದ ಕೊಟ್ಟಿಗೆ, ಎಲ್ಲ ಗೋಡೆಗಳ ಮೇಲೂ ಅದು ಒಂದೇ ಎತ್ತರದಲ್ಲಿತ್ತು. ಗೌಂಡಿಗಳು ನೀರು ತುಂಬಿದ ಪೈಪು ಹಿಡಿದು ಮಟ್ಟ ನೋಡುತ್ತಾರಲ್ಲ, ಅಷ್ಟು ಕರಾರುವಾಕ್ಕಾಗಿ. ಆ ಕರಾರುವಾಕ್ಕಾದ ಗುಣವೇ ಅದರಲ್ಲಿ ನನಗೆ ಸಹಿಸಲಾಗದ್ದಾಗಿತ್ತು ಎಂಬುದು ಚಿತ್ರದ ಮುಂದೆ ನಿಂತಾಗ ನನಗೆ ಹೊಳೆಯಿತು. ಗಣಿತ ಕಲಿಸುವ ನಾನು ನಿಂತ ನೀರು ಸಮಮಟ್ಟ ಕಾಯುತ್ತದೆ ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ! ನಮ್ಮ ಮನೆಯಲ್ಲಿ ಅದು ಅಪ್ಪನ ಫೋಟೋದೊಳಗೂ ಆ ನಿಯಮವನ್ನು ಬಿಟ್ಟಿರಲಿಲ್ಲ.

ಚಿತ್ರದ ಗೆರೆ ವಾಲಿದೆ ಎಂದರೆ ನೀರು ಅಲ್ಲಿ ನಿಂತಿದ್ದಾಗ ಕಾಗದವನ್ನು ಯಾರೋ ವಾರೆಯಾಗಿ ಹಿಡಿದಿದ್ದರು. ಒಂದು ಕೈ ಅದನ್ನು ಬಲಕ್ಕೆ ಇಳಿಸಿ, ನೀರು ಎಲ್ಲಿ ನಿಲ್ಲಬೇಕೆಂದು ನೋಡುತ್ತ ಕಾದಿತ್ತು. ಇದು ತಿಳಿದ ಮೇಲೆ ಚಿತ್ರ ಪ್ರವಾಹವಾಗಿ ಕಾಣುವುದು ನಿಂತಿತು. ಮನೆ ನೆನಪಿನಿಂದ ಹೋಗಲಿಲ್ಲ, ಆದರೆ ಸ್ವಲ್ಪ ಹಿಂದಕ್ಕೆ ಸರಿದು ನಿಂತಿತು. ಉಪನ್ಯಾಸಕರು ಕೇಳಿದ್ದ ಮೂಲೆಯ ಕಲೆಯನ್ನು ಆಗ ಬಹಳ ಹೊತ್ತು ನೋಡಿದೆ. ಗೆರೆ ಏರುತ್ತ ಹೋಗಿ ಅದರ ಕಡೆಗೇ ಮುಖ ಮಾಡಿದೆ, ಆದರೆ ಮುಟ್ಟುವುದಿಲ್ಲ. ನಡುವೆ ಎರಡು ಅಂಗುಲ ಬರೀ ಕಾಗದ. ಆ ಎರಡು ಅಂಗುಲದ ಬಿಳುಪು ನನಗೆ ಈಗ ಇಡೀ ಚಿತ್ರದಲ್ಲಿ ಎಲ್ಲಕ್ಕಿಂತ ಪ್ರಿಯವಾದ ಜಾಗ. ಅದು ಏಕೆ ಎಂಬುದಕ್ಕೆ ನನ್ನ ಬಳಿ ಯಾವ ನೆನಪೂ ಇಲ್ಲ, ಭಾನುವಾರ ಹಾಗೆಯೇ ಹೇಳುತ್ತೇನೆ.

ಮಾತಿಗಾಗಿ ಬರೆದುಕೊಂಡದ್ದು ಹೀಗೆ ಶುರುವಾಗುತ್ತದೆ: ‘ಈ ಕಾಗದದ ಮೇಲೆ ನೀರು ನಿಂತಿತ್ತು. ಅದು ಎಲ್ಲಿಯವರೆಗೆ ಬಂದಿತ್ತು ಎಂಬುದು ಕಾಣುತ್ತದೆ. ನಮ್ಮ ಮನೆಯ ಗೋಡೆಯ ಮೇಲೂ ಇಂಥ ಗೆರೆಯೊಂದಿತ್ತು, ಆದ್ದರಿಂದ ನಾನು ಇದರ ಮುಂದೆ ನಿಂತೆ. ಎರಡನೆಯ ಸಲ ಬಂದಾಗ ಈ ಗೆರೆ ಅದಲ್ಲ ಎಂದು ಗೊತ್ತಾಯಿತು. ಅದಕ್ಕೇ ಇನ್ನೂ ಹೆಚ್ಚು ಹೊತ್ತು ನಿಂತೆ.’

ಅವ್ವ ನನ್ನ ಪಕ್ಕದಲ್ಲಿ ಸೆರಗು ಹೊದ್ದು ಸುಮ್ಮನೆ ನೋಡುತ್ತಿದ್ದಳು. ಗೋಡೆಯ ಮಾತನ್ನು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಗಾಜಿಗೆ ತಾಗದಂತೆ ಬೆರಳನ್ನು ಗೆರೆಯ ಗುಂಟ ಸರಿಸುತ್ತ ಹೋಗಿ, ನಡುವಿಗಿಂತ ತುಸು ಎಡಕ್ಕೆ ನಿಲ್ಲಿಸಿದಳು. ‘ಇಲ್ಲಿ ಯಾರೋ ಒರಸ್ಯಾರ ನೋಡು’ ಎಂದಳು. ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದೆ. ನಾಲ್ಕು ಬೆರಳಗಲ ಗೆರೆ ಮಸುಕಾಗಿತ್ತು, ಆ ಜಾಗದಲ್ಲಿ ಕಾಗದದ ನಾರು ಸಣ್ಣಗೆ ಎದ್ದಿತ್ತು. ಒದ್ದೆ ಕುಂಚದಿಂದ ಉಜ್ಜಿ ಬಣ್ಣ ಎತ್ತಿದ್ದ ಗುರುತು.

‘ಪೂರಾ ಹೋಗಿಲ್ಲ’ ಎಂದಳು ಅವ್ವ.